ಅತ್ತೆ ಬಿಟ್ಟುಕೊಡದ ತೆಂಗಿನಮರ

ಮೂಗಿನ ತುದಿ ನವೆಯಾದರೆ ಕೆರೆದುಕೊಳ್ಳುವುದು ಎಂಥ ದೊಡ್ಡ ಭಾಗ್ಯ ಅಂತ ಯಾರೂ ಹೇಳಿಕೊಡುವುದಿಲ್ಲ. ನನಗೆ ಅದು ಗೊತ್ತಾದದ್ದು ಬೆಂಗಳೂರಿನ ಆಸ್ಪತ್ರೆಯೊಂದರ ಐ.ಸಿ.ಯು.ನಲ್ಲಿ. ಕಾಲುಗಳು ಮೊದಲೇ ಹೋಗಿದ್ದವು, ಆಮೇಲೆ ಕೈಗಳೂ ಹೋದವು. ಎರಡೂ ಕೈ ಯಾರದೋ ಕೈಗಳಂತೆ ಹಾಸಿಗೆಯ ಮೇಲೆ ಬಿದ್ದಿರುತ್ತಿದ್ದವು, ಮೂಗು ಮಾತ್ರ ನನ್ನದೇ ಆಗಿ ಉಳಿದುಕೊಂಡು ನವೆಯಾಗುತ್ತಿತ್ತು. ಅಲ್ಲೊಬ್ಬಳು ನರ್ಸ್ ಇದ್ದಳು. ಅವಳ ಹೆಸರು ಕೇಳುವುದಕ್ಕೂ ಆಗ ನನಗೆ ಬಾಯಿ ಸರಿಯಾಗಿ ತಿರುಗುತ್ತಿರಲಿಲ್ಲ. ಹೋಗುತ್ತಾ ಬರುತ್ತಾ ಒಂದು ಗಳಿಗೆ ನಿಂತು ನನ್ನ ಮೂಗು ಕೆರೆದು ಹೋಗುತ್ತಿದ್ದಳು. ಇದನ್ನು ಅವಳಿಗೆ ಯಾವ ಡಾಕ್ಟರೂ ಬರೆದುಕೊಟ್ಟಿರಲಿಲ್ಲ. ಆ ಹುಡುಗಿಯ ಹೊಟ್ಟೆ ತಣ್ಣಗಿರಲಿ.

ನನಗೆ ಬಂದದ್ದು ಜಿ.ಬಿ.ಎಸ್. ಅನ್ನುವ ಮೂರಕ್ಷರದ ಕಾಯಿಲೆ. ಮೈ ತನ್ನ ನರಗಳ ಮೇಲೆ ತಾನೇ ತಿರುಗಿ ಬೀಳುತ್ತದೆ ಅಂದರು ಡಾಕ್ಟರು. ಅಷ್ಟು ಗೊತ್ತಿದ್ದರೆ ಸಾಕು, ಮಿಕ್ಕಿದ್ದನ್ನು ಫೋನಿನಲ್ಲಿ ಹುಡುಕಿದರೆ ಹೆದರಿ ಸಾಯುವಷ್ಟು ಸಿಗುತ್ತದೆ. ಈಗ ನಾನು ಚೆನ್ನಾಗಿದ್ದೇನೆ. ಇದನ್ನು ಬರೆಯುತ್ತಿರುವುದು ಅದೇ ಹಾಸಿಗೆಯ ಮೇಲೆ ಈಗ ಮಲಗಿರುವ ಯಾರಿಗಾದರೂ ಓದಿ ಹೇಳಲಿ ಅಂತ. ಆದರೆ ನಿಜ ಹೇಳಬೇಕೆಂದರೆ ಇದು ಕಾಯಿಲೆಯ ಕಥೆಗಿಂತ ಹೆಚ್ಚಾಗಿ ನನ್ನ ಅತ್ತೆ ಗಂಗಮ್ಮನವರ ಕಥೆ.

ನಾನು ತಿಪಟೂರಿನ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ನಲವತ್ತು ದಾಟುತ್ತಿದ್ದ ಹಾಗೆ ಓಟದ ಹುಚ್ಚು ಹಿಡಿಯಿತು. ಬೆಳಗ್ಗೆ ಕಾಲೇಜಿನ ಮೈದಾನದಲ್ಲಿ ಶುರುವಾಗಿದ್ದು, ಬರಬರುತ್ತಾ ಊರಾಚೆಯ ರಸ್ತೆಗೆ ಹೋಯಿತು. ಬೆಂಗಳೂರಿನ ಅರ್ಧ ಮ್ಯಾರಥಾನ್‌ಗೆ ಹೆಸರು ಕೊಡಬೇಕು ಅಂತ ಮನಸ್ಸಿತ್ತು. ಮಣಿಕಟ್ಟಿನಲ್ಲಿ ಎದೆಬಡಿತ ಲೆಕ್ಕ ಹಾಕುವ ವಾಚು, ಕಾಲಿಗೆ ಕಿತ್ತಳೆ ಬಣ್ಣದ ಶೂ. ಇವತ್ತು ಇಷ್ಟು, ನಾಳೆ ಅಷ್ಟು ಅಂತ ವ್ರತ ಹಿಡಿದವಳ ಹಾಗೆ ಓಡುತ್ತಿದ್ದೆ. ದಾರಿಯಲ್ಲಿ ಯಾರಾದರೂ ಮಾತಾಡಿಸಿದರೆ ಮೈಯೆಲ್ಲ ಉರಿಯುತ್ತಿತ್ತು, ಲೆಕ್ಕ ತಪ್ಪುತ್ತದಲ್ಲ!

ಹೋದ ವರ್ಷದ ಹಿಂದಿನ ವರ್ಷ ಮಳೆಗಾಲದಲ್ಲಿ ಹೊಟ್ಟೆ ಕೆಟ್ಟು ಒಂದು ವಾರ ಮಲಗಿದ್ದೆ. ಎದ್ದು ಓಡಲು ಹೋದರೆ ಪಾದದಲ್ಲಿ ಜುಮುಜುಮು. ಶೂ ಬಿಗಿಯಾಯಿತೇನೋ ಅಂದುಕೊಂಡೆ. ಮಾರನೆಯ ದಿನ ಮೈದಾನದಲ್ಲಿ ಯಾವ ಕಲ್ಲೂ ಇಲ್ಲದ ಕಡೆ ಎಡವಿ ಬಿದ್ದೆ. ಅದರ ಮಾರನೆಯ ದಿನ ಬಸ್ಸಿನ ಮೆಟ್ಟಿಲಿಗೆ ಕಾಲೆತ್ತಿ ಇಡಲು ಆಗಲಿಲ್ಲ. ಹಿಂದಿನಿಂದ ಕಂಡಕ್ಟರ್ "ಹತ್ತಮ್ಮಾ, ಟೈಮ್ ಆಯ್ತು" ಅಂತ ಕೂಗುತ್ತಿದ್ದ. ನಾನು ಕಂಬಿ ಹಿಡಿದುಕೊಂಡು ನನ್ನ ಕಾಲನ್ನೇ ನೋಡುತ್ತಾ ನಿಂತಿದ್ದೆ. ತಿಪಟೂರಿನ ಡಾಕ್ಟರು ಮಂಡಿಯ ಮೇಲೆ ಸಣ್ಣ ಸುತ್ತಿಗೆಯಲ್ಲಿ ತಟ್ಟಿದರು, ಇನ್ನೊಂದು ಸಲ ತಟ್ಟಿದರು. ಕಾಲು ಅಲುಗಲಿಲ್ಲ. ಅವರು ಸುತ್ತಿಗೆ ಕೆಳಗಿಟ್ಟರು. "ಇವತ್ತೇ ಬೆಂಗಳೂರಿಗೆ ಹೊರಡಿ. ನಾಳೆ ಅನ್ನಬೇಡಿ" ಅಂದರು.

ಬೆಂಗಳೂರಿನಲ್ಲಿ ನಡೆದದ್ದರಲ್ಲಿ ನನಗೆ ಅರ್ಧ ನೆನಪಿದೆ, ಇನ್ನರ್ಧ ನೆನಪಿಲ್ಲದಿರುವುದೇ ವಾಸಿ. ಬೆನ್ನಿನಿಂದ ನೀರು ತೆಗೆದರು, ಕೈಕಾಲಿಗೆ ಸಣ್ಣ ಸಣ್ಣ ಶಾಕ್ ಕೊಟ್ಟು ನೋಡಿದರು. ದಿನಕ್ಕೆ ಹಲವು ಸಲ ಒಬ್ಬರು ಬಂದು "ಒಂದೇ ಉಸಿರಿನಲ್ಲಿ ಎಷ್ಟಾಗುತ್ತೋ ಅಷ್ಟು ಎಣಿಸಿ" ಅನ್ನುತ್ತಿದ್ದರು. ಕೈಕಾಲಿನ ಹಾಗೆ ಉಸಿರೂ ನಿಂತುಬಿಟ್ಟರೆ ಯಂತ್ರ ಹಾಕಬೇಕಲ್ಲ, ಅದಕ್ಕೆ. ಪ್ರತಿ ಸಲವೂ ಹಿಂದಿನ ಸಲಕ್ಕಿಂತ ಮುಂಚೆಯೇ ಉಸಿರು ಕಟ್ಟುತ್ತಿತ್ತು. ಅವರು "ಗುಡ್" ಅಂದು ಹೋಗುತ್ತಿದ್ದರು. ಮೈದಾನಕ್ಕೆ ಸುತ್ತು ಹಾಕಿದರೂ ಏದುಸಿರು ಬಿಡದಿದ್ದ ನಾನು ಎಣಿಕೆಗೆ ಹೆದರಿ ಕಣ್ಣು ಮುಚ್ಚಿಕೊಳ್ಳಲು ನೋಡುತ್ತಿದ್ದೆ. ರೆಪ್ಪೆಯೂ ಪೂರ್ತಿ ಮುಚ್ಚುತ್ತಿರಲಿಲ್ಲ. ದೇವರ ದಯೆ, ಯಂತ್ರದವರೆಗೆ ಹೋಗದೆ ಎಣಿಕೆ ಒಂದು ಕಡೆ ನಿಂತಿತು. ಆಮೇಲೆ ನಿಧಾನವಾಗಿ ಮೇಲೆ ಹತ್ತಿತು.

ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ನನ್ನ ಗಂಡ ಮಂಜುನಾಥ ಕೂತಿರುತ್ತಿದ್ದರು. ಅವರ ಪಕ್ಕದಲ್ಲಿ ಚಿಕ್ಕನಾಯಕನಹಳ್ಳಿ ಕಡೆಯ ಒಬ್ಬರು, ತಮ್ಮನಿಗಾಗಿ ಬಂದವರು. ಇಬ್ಬರೂ ಒಂದೇ ಟವೆಲ್ ಹಾಸಿಕೊಂಡು ಸರದಿಯ ಮೇಲೆ ಮಲಗುತ್ತಿದ್ದರಂತೆ. ನಮ್ಮ ಕಡೆ ಮಾತು ಕಿವಿಗೆ ಬಿದ್ದರೆ ಅರ್ಧ ಭಯ ಹೋಗುತ್ತಿತ್ತು ಅಂತ ಮಂಜು ಆಮೇಲೆ ಹೇಳಿದರು. ನನ್ನ ತಾಯಿ ಬಂದು ಅತ್ತು, ತಾಯಿತ ಕಟ್ಟಿ, ಮತ್ತೆ ಅತ್ತರು. ಹೈಸ್ಕೂಲಿಗೆ ಹೋಗುವ ನನ್ನ ಮಗಳು ಸಿಂಚನ ಜೋಲುಬಿದ್ದ ನನ್ನ ಮುಖ ನೋಡಲಾಗದೆ ಕಾಲುಗಳ ಕಡೆ ನೋಡುತ್ತಾ ಮಾತಾಡಿದಳು. ನಮ್ಮ ಭಾವನವರು, ಅಂದರೆ ಮಂಜು ಅವರ ಅಣ್ಣ, ಬಾಗಿಲಲ್ಲೇ ನಿಂತು ತೀರ್ಪು ಕೊಟ್ಟರು: "ಹೆಂಗಸ್ರಿಗೆ ಯಾಕ್ ಬೇಕಿತ್ತು ಈ ಓಟ? ನರ ಎಲ್ಲ ಸವೆದೋಗವೆ." ಓಟಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅಂತ ಡಾಕ್ಟರು ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ. ಮಂಜು ನಮ್ಮ ಮನೆಯ ಬಾಗಿಲ ಹತ್ತಿರ ಇರುತ್ತಿದ್ದ ನನ್ನ ಕಿತ್ತಳೆ ಶೂಗಳನ್ನು ಎತ್ತಿ ಬೀರುವಿನ ಮೇಲೆ ಗೋಣಿಚೀಲದಲ್ಲಿ ಕಟ್ಟಿಟ್ಟಿದ್ದರು. ಮಗಳಿಂದ ಅದು ಗೊತ್ತಾದ ದಿನ ನಾನು ಗೋಡೆಯ ಕಡೆ ತಿರುಗಲಾಗದೆ ಎಲ್ಲರೆದುರೇ ಅತ್ತುಬಿಟ್ಟೆ.

ಅತ್ತೆ ಬಂದದ್ದು ಎಲ್ಲರಿಗಿಂತ ಕೊನೆಗೆ. ಹಸು ಕರು ಹಾಕಿತ್ತು, ಬಿಟ್ಟು ಬರುವ ಹಾಗಿರಲಿಲ್ಲ. ಅಳಲಿಲ್ಲ, ತಲೆ ಸವರಲಿಲ್ಲ. ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, ಡಾಕ್ಟರ ಕಡೆ ತಿರುಗಿ ಕೇಳಿದರು.

"ಜೀವಕ್ಕೇನೂ ಇಲ್ವಲ್ಲ ಸ್ವಾಮಿ?"

"ಇಲ್ಲಮ್ಮ. ಆದ್ರೆ ಮತ್ತೆ ನಡೆಯೋಕೆ ತುಂಬಾ ತಿಂಗಳು ಬೇಕು. ಪೂರ್ತಿ ಮೊದಲಿನ ಹಾಗೆ ಆಗ್ತಾರಾ ಅಂತ ಈಗಲೇ ಹೇಳೋಕಾಗಲ್ಲ."

"ತಿಂಗಳು ಆದ್ರೆ ಆಗ್ಲಿ ಬುಡಿ. ನಮ್ಮನೇಲೇನು ಯಾರ್ಗೂ ಅವಸರ ಇಲ್ಲ."

ಎಲ್ಲರಿಗಿಂತ ಹೆಚ್ಚು ಅವಸರ ನನಗೇ ಇತ್ತು. ಅವರು ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ತಿಪಟೂರಿನ ನಮ್ಮ ಮನೆ ಮಹಡಿಯ ಮೇಲೆ. ಹಾಗಾಗಿ ಆಸ್ಪತ್ರೆಯಿಂದ ನೇರವಾಗಿ ನನ್ನನ್ನು ಬಿಳಿಗೆರೆಯ ಮನೆಗೆ ಕರೆತಂದರು. ಅಲ್ಲಿ ಅತ್ತೆ, ಭಾವ, ನನ್ನ ವಾರಗಿತ್ತಿ ರತ್ನಕ್ಕ ಇರುತ್ತಾರೆ. ಹಿತ್ತಲ ಬಾಗಿಲು ತೆಗೆದರೆ ತೋಟ. ನನಗೆ ಕೊಟ್ಟ ಕೋಣೆಯ ಮೇಲೆ ಅಟ್ಟ, ಅಟ್ಟದ ತುಂಬಾ ತಿಂಗಳುಗಟ್ಟಲೆ ಒಣಗಿ ಕೊಬ್ಬರಿಯಾಗಲಿ ಅಂತ ಹಾಕಿದ್ದ ಕಾಯಿ. ತಿಪಟೂರಿನಿಂದ ನವೀನ ಅನ್ನುವ ಫಿಸಿಯೋಥೆರಪಿಸ್ಟ್ ವಾರಕ್ಕೆ ಎರಡು ಸಲ ಬೈಕಿನಲ್ಲಿ ಬಂದು ಕೈಕಾಲು ಮಡಿಸಿ, ಚಾಚಿ, ಮಾಡಬೇಕಾದ್ದನ್ನು ಹೇಳಿಕೊಟ್ಟು ಹೋಗುತ್ತಿದ್ದ. ಒಳ್ಳೆಯ ಹುಡುಗ, ಕೆಲಸ ಗೊತ್ತಿದ್ದವನು. ಎಡವಟ್ಟು ಇದ್ದದ್ದು ನನ್ನ ಕಡೆ. ಅವನು ಹೇಳಿದ್ದನ್ನೆಲ್ಲ ಮ್ಯಾರಥಾನಿನ ತಯಾರಿಯ ಹಾಗೆ ವಾಚು ಕಟ್ಟಿಕೊಂಡು ಮಾಡುತ್ತಿದ್ದೆ. ಹತ್ತು ಅಂದರೆ ಇಪ್ಪತ್ತು. ಬೆಳಗ್ಗೆ ಎದ್ದ ಕೂಡಲೇ ಹೆಬ್ಬೆರಳು ಅಲುಗುತ್ತದಾ ಅಂತ ನೋಡುವುದು, ನಿನ್ನೆಯಷ್ಟೇ ಅಲುಗಿದರೆ ದಿನವೆಲ್ಲ ಸಿಡಿಮಿಡಿ. ಈ ಕಾಯಿಲೆಯಲ್ಲಿ ಅತಿಯಾಗಿ ದಣಿದರೆ ಇದ್ದ ಶಕ್ತಿಯೂ ಹೋಗುತ್ತದೆ ಅಂತ ನವೀನ ಬೈದ. ಬೈದ ಮೇಲೆ ನಾನು ಪೂರ್ತಿ ಬಿಟ್ಟೆ. "ಮಾಡಿದರೂ ಕಷ್ಟ, ಮಾಡದಿದ್ದರೂ ಕಷ್ಟ, ನನ್ನ ಪಾಡಿಗೆ ನನ್ನ ಬಿಡಿ" ಅಂತ ಗೋಡೆಗೆ ಮುಖ ಹಾಕಿ ಮಲಗಿದೆ. ಅಷ್ಟು ಹೊತ್ತಿಗೆ ಗೋಡೆಯ ಕಡೆ ತಿರುಗುವಷ್ಟು ಬಲವಂತೂ ಬಂದಿತ್ತು.

ಅತ್ತೆ ರಾಗಿ ಅಂಬಲಿಯ ಲೋಟ ಹಿಡಿದು ಬಂದು ಪಕ್ಕದಲ್ಲಿ ಕೂತರು. ಅಟ್ಟದ ಕಡೆ ಕೈ ತೋರಿಸಿದರು.

"ಮೇಲೆ ಕಾಯಿ ಅವೆಯಲ್ಲ, ಅವುನ್ನ ಅಟ್ಟ ಹತ್ಸಿದ್ ಮೇಲೆ ಅವುಗಳ ಪಾಡಿಗೆ ಬುಡ್ತೀವಿ. ದಿನಾ ಬೆಳಗಾನೆದ್ದು ಒಂದೊಂದೇ ತಗದು ಅಲ್ಲಾಡ್ಸಿ ನೋಡ್ತಿದ್ರೆ ಕೊಬ್ರಿ ಆಯ್ತದಾ? ನೀನು ದಿನಾ ಹೆಬ್ಬೆಟ್ಟು ಅಲ್ಲಾಡ್ಸಿ ನೋಡ್ತೀಯ. ಕುಡಿ ಇದುನ್ನ. ಆಮೇಲೆ ಚೌಕಾಬಾರ ಆಡಾನ."

ಚೌಕಾಬಾರ ನನಗೆ ಬೇಡವಾಗಿತ್ತು. ಯಾಕೆಂದರೆ ಸಿಂಚನಳ ಸ್ಕೂಲಿಗಾಗಿ ತಿಪಟೂರಿನಲ್ಲೇ ಉಳಿದಿದ್ದ ಮಂಜು ಭಾನುವಾರ ಬಂದಾಗಲೆಲ್ಲ ನನ್ನ ಜೊತೆ ಆಡಿ ಬೇಕಂತಲೇ ಸೋಲುತ್ತಿದ್ದರು. ಕಡಿಯಬಹುದಾದ ಕಾಯಿಯನ್ನು ಬಿಟ್ಟು ಇನ್ನೊಂದನ್ನು ನಡೆಸಿ, "ಅಯ್ಯೋ, ನೋಡ್ಲಿಲ್ಲ ಕಣೇ" ಅನ್ನುತ್ತಿದ್ದರು. ಅವರ ಪ್ರೀತಿ ನನಗೆ ಅರ್ಥವಾಗುತ್ತಿತ್ತು. ಅರ್ಥವಾದಷ್ಟೂ ಹಿಂಸೆಯಾಗುತ್ತಿತ್ತು. ಮನೆಯಲ್ಲಿ ಎಲ್ಲರೂ ಹಾಗೇ. ನಾನು ಚಮಚ ಬೀಳಿಸಿದರೆ ಯಾರೂ ನೋಡದ ಹಾಗೆ ನಟಿಸುವುದು, ನಾನು ರೇಗಿದರೆ ನಗುವುದು. ಸೋಲುವ ಯೋಗ್ಯತೆಯೂ ಇಲ್ಲದವಳಾಗಿಬಿಟ್ಟೆನಾ ಅನ್ನಿಸುತ್ತಿತ್ತು.

ಅತ್ತೆ ಮೊದಲ ಆಟದಲ್ಲೇ ನನ್ನ ನಾಲ್ಕೂ ಕಾಯಿ ಕಡಿದರು. ಕವಡೆ ನನ್ನ ಬೆರಳಲ್ಲಿ ನಿಲ್ಲದೆ ಜಾರಿದರೆ "ಬಿದ್ದಿದ್ದೇ ಲೆಕ್ಕ" ಅಂದರು. ನನಗೆ ಸಿಟ್ಟು ನೆತ್ತಿಗೇರಿತು.

"ಅತ್ತೆ, ಹುಷಾರಿಲ್ಲದವಳು ನಾನು. ಸ್ವಲ್ಪನಾದ್ರೂ ನೋಡ್ಬಾರ್ದಾ?"

"ಆಟ ಅಂದ್ರೆ ಆಟ ಕಣೇ. ಸುಳ್ಳುಸುಳ್ಳೇ ಸೋಲಾಕೆ ನಾನೇನು ನಿನ್ ಗಂಡನಾ?"

ಬಿದ್ದುಬಿದ್ದು ನಕ್ಕೆವು. ಜೋಲುಬಿದ್ದ ಮುಖದಲ್ಲಿ ಅರ್ಧವೇ ನಗು ಬರುತ್ತಿತ್ತು, ಅದೂ ಸೊಟ್ಟಗೆ. ಅದನ್ನು ನೋಡಿ ಅತ್ತೆ ಇನ್ನೂ ಜೋರಾಗಿ ನಕ್ಕರು. ಅವತ್ತು ಕವಡೆ ಎಷ್ಟು ಸಲ ಎಸೆದೆನೋ ದೇವರೇ ಬಲ್ಲ. ಮುಂದಿನ ಸಲ ಬಂದ ನವೀನ "ಬೆರಳು ಚುರುಕಾಗಿದೆಯಲ್ಲ, ಏನು ಮಾಡಿದ್ರಿ?" ಅಂದ.

ನನ್ನ ಅತ್ತೆಯ ತವರು ಹುಳಿಯಾರಿನ ಆಚೆಯ ಒಂದು ಹಟ್ಟಿ. ಕುರಿ ಸಾಕುವ ಮನೆತನ. ಮದುವೆಯಾಗಿ ಬಿಳಿಗೆರೆಗೆ ಬರುವ ತನಕ ಅಪ್ಪನ ಜೊತೆ ಕುರಿಯ ಹಿಂದೆ ತಿರುಗಿದವರು. "ಬೆಳಗಿಂದ ಬೈಗಿನ ಗಂಟ ನಡೀತಿದ್ವಿ" ಅನ್ನುತ್ತಾರೆ. "ನಡೀಬೇಕು ನಡೀಬೇಕು ಅಂತ ನಡೆದಿದ್ರೆ ಅರ್ಧ ದಾರೀಲೇ ಕೂತ್ಕಂಬುಡ್ತಿದ್ವಿ. ಕಲ್ ಎಸೀತಾ, ಒಬ್ರುನ್ನೊಬ್ರು ಅಟ್ಟಾಡಿಸ್ತಾ ಹೋಗ್ತಿದ್ವಿ. ಊರು ಬಂದಿದ್ದೇ ಗೊತ್ತಾಗ್ತಿರ್ಲಿಲ್ಲ." ಈಗ ಅವರಿಗೆ ಎಪ್ಪತ್ತು ಹತ್ತಿರ. ಸೆರಗು ಸೊಂಟಕ್ಕೆ ಸಿಕ್ಕಿಸಿದರೆ ಅವರ ಜೊತೆ ಹೆಜ್ಜೆ ಹಾಕುವುದು ನನಗೆ ಆರೋಗ್ಯವಿದ್ದಾಗಲೂ ಕಷ್ಟವೇ.

ನನ್ನನ್ನು ಆಚೆ ಕರೆದುಕೊಂಡು ಹೋಗುವ ಉಪಾಯವೂ ಅವರದೇ. ವಾಕರ್ ಹಿಡಿದು ಹಿತ್ತಲ ಬಾಗಿಲವರೆಗೆ ಹೋಗುತ್ತಿದ್ದೆ, ಹೊಸಲು ದಾಟಲು ಧೈರ್ಯವಿರಲಿಲ್ಲ. ಒಂದು ಬೆಳಗ್ಗೆ ನೋಡಿದರೆ ಬಾಗಿಲ ಮುಂದೆ ಒಂದು ಉದ್ದನೆಯ ತೆಂಗಿನ ಗರಿ. ನಮ್ಮ ಕಡೆ ಮಕ್ಕಳು ಗರಿಯ ಅಗಲವಾದ ಬುಡದ ಮೇಲೆ ಒಬ್ಬರನ್ನು ಕೂರಿಸಿ, ತುದಿ ಹಿಡಿದು ತೋಟದ ತುಂಬಾ ಎಳೆದಾಡುತ್ತಾರೆ. ಅದರ ಮೇಲೆ ಗೋಣಿಚೀಲ ಮಡಿಸಿ ಹಾಕಿತ್ತು. ಅತ್ತೆ, ರತ್ನಕ್ಕ, ಪಕ್ಕದ ತೋಟದ ಜಯಮ್ಮ ಮೂವರೂ ಕಾಯುತ್ತಾ ನಿಂತಿದ್ದರು.

"ಕೂತ್ಕಾ" ಅಂದರು ಅತ್ತೆ.

"ನನಗೇನು ಹುಚ್ಚಾ? ಯಾರಾದ್ರೂ ನೋಡಿದ್ರೆ?"

"ನೋಡಿದ್ರೆ ಅವ್ರೂ ಒಂದ್ ಕೈ ಹಾಕ್ತಾರೆ, ನಮ್ಗೂ ಹಗೂರ ಆಯ್ತದೆ" ಅಂದರು ಜಯಮ್ಮ. ಅವರದು ಭಾರಿ ಶರೀರ, ಅದಕ್ಕಿಂತ ಭಾರಿ ನಗು.

ಕೂತೆ. ಮೂವರೂ ಎಳೆದರು. ಗರಿ ಸರಸರ ಸದ್ದು ಮಾಡುತ್ತಾ ಸಾಲಿನ ನಡುವೆ ಜಾರಿತು. ಮೇಲೆ ನೋಡಿದರೆ ಗರಿಗಳ ನಡುವೆ ಚೂರುಚೂರು ಆಕಾಶ ಹಿಂದಕ್ಕೆ ಓಡುತ್ತಿತ್ತು. ಎಷ್ಟೋ ತಿಂಗಳ ಮೇಲೆ ಮುಖಕ್ಕೆ ಗಾಳಿ ಹೊಡೆಯಿತು. ಓಡುವಾಗ ಹೊಡೆಯುವಂಥ ಗಾಳಿ. ನಾನು ಕಿರುಚಿದೆ. ಹೆದರಿಕೊಂಡೆ ಅಂತ ನಿಲ್ಲಿಸಿದರು. "ನಿಲ್ಲಿಸಬೇಡ್ರೀ!" ಅಂತ ಇನ್ನೂ ಜೋರಾಗಿ ಕಿರುಚಿದೆ.

ಆಮೇಲೆ ಹೊಸಲು ಒಂದು ಹೊಸಲಾಗಿ ಉಳಿಯಲಿಲ್ಲ. ಹಾಲು ಕರೆದು ಡೈರಿಗೆ ಹಾಕಿದ ಮೇಲೆ ನಾಲ್ವರೂ ತೋಟದಲ್ಲಿ ಸೇರುತ್ತಿದ್ದೆವು. ಅತ್ತೆ ಕಂಡುಹಿಡಿದ ಆಟ ಕಂಬದಾಟ. ಗುಡಿಯ ಮಂಟಪದಲ್ಲಿ ಮಕ್ಕಳು ಆಡುವುದನ್ನು ಎಲ್ಲರೂ ಬಲ್ಲರು. ಒಬ್ಬೊಬ್ಬರು ಒಂದೊಂದು ಕಂಬ ಹಿಡಿದುಕೊಂಡಿರಬೇಕು, ಕಂಬ ಸಿಗದೆ ಉಳಿದವರು ಕಳ್ಳ. ಹಿಡಿದವರು ಕಳ್ಳನ ಕಣ್ಣು ತಪ್ಪಿಸಿ ಕಂಬ ಬದಲಾಯಿಸುತ್ತಿರಬೇಕು, ಬಿಟ್ಟ ಕಂಬವನ್ನು ಕಳ್ಳ ಓಡಿಬಂದು ಮುಟ್ಟಿದರೆ ಬಿಟ್ಟವರೇ ಕಳ್ಳ. ನಮಗೆ ಕಂಬದ ಬದಲು ತೆಂಗಿನಮರ, ನಾಲ್ವರಿಗೆ ಮೂರು ಮರ. ಕಾಯಿ ಕೀಳಿಸಿ ಮುಗಿದಿದ್ದ ಸಾಲನ್ನೇ ಅತ್ತೆ ಆರಿಸಿದರು, ತಲೆಯ ಮೇಲೆ ಬೀಳಬಾರದಲ್ಲ. ಒಂದು ನಿಯಮ ಅವರೇ ಹಾಕಿದರು: ಯಾರೂ ಓಡುವ ಹಾಗಿಲ್ಲ, ಎಲ್ಲರದೂ ನಡಿಗೆಯೇ, ನನ್ನ ಕಾಲಿಗೆ ಓಟ ಬರುವ ತನಕ. ಇನ್ನೊಂದು ನಿಯಮ: ವಾಚು ಮನೆಯಲ್ಲಿ.

ಆ ಆಟದ ಜಾಣತನ ನನಗೆ ಆಡುತ್ತಾ ಆಡುತ್ತಾ ಅರ್ಥವಾಯಿತು. ಒಂದು ಮರದಿಂದ ಹೊರಟರೆ ಹಿಡಿದುಕೊಳ್ಳಲು ಇನ್ನೊಂದು ಮರ ಕಾದಿರುತ್ತದೆ. ಸುಸ್ತಾದರೆ ಮರ ತಬ್ಬಿಕೊಂಡು ಎಷ್ಟು ಹೊತ್ತಾದರೂ ನಿಲ್ಲಬಹುದು. ದಣಿದಿದ್ದೀಯಾ ಅಂತ ಯಾರೂ ಕೇಳುವುದಿಲ್ಲ, ಹೊಂಚು ಹಾಕುತ್ತಿದ್ದೀಯ ಅಂದುಕೊಳ್ಳುತ್ತಾರೆ. ನಿಂತದ್ದೂ ಆಟವೇ, ಹೊರಟದ್ದೂ ಆಟವೇ. ಮೊದಲು ವಾಕರ್ ಹಿಡಿದು, ಆಮೇಲೆ ಕೋಲು, ಆಮೇಲೆ ಬರಿಗೈ. ನವೀನ ಒಂದು ದಿನ ನಿಂತು ನೋಡಿ, ತಾನು ಹೇಳಿಕೊಟ್ಟದ್ದನ್ನೇ ಇವರು ನಗಿಸಿ ಮಾಡಿಸುತ್ತಿದ್ದಾರೆ ಅಂದ. ಅದರ ಜೊತೆಗೇ ಹಾಸಿಗೆಯ ಮೇಲಿನ ವ್ಯಾಯಾಮ ಬಿಡುವ ಹಾಗಿಲ್ಲ ಅಂತ ಗದರಿಸಿದ. ಬಿಡಲಿಲ್ಲ. ತೋಟಕ್ಕೆ ಹೋಗುವ ಆಸೆಗೆ ಅದನ್ನೂ ಬೇಗ ಮುಗಿಸುತ್ತಿದ್ದೆ.

ಊರಿನವರು ಸುಮ್ಮನಿರುತ್ತಾರೆಯೇ? "ಗಂಗಮ್ಮಂಗೆ ಅರಳು ಮರಳು, ಕಾಯ್ಲೆ ಸೊಸೇನ ಕುಣುಸ್ತಾವಳೆ" ಅಂದರಂತೆ. ಅತ್ತೆ ಡೈರಿಯ ಮುಂದೆಯೇ ಉತ್ತರ ಕೊಟ್ಟು ಬಂದರು: "ಹೌದು ಕಣ್ರಪ್ಪ, ನಂಗೆ ಮರುಳೇ. ನೀವೂ ಬನ್ನಿ, ಇನ್ನೂ ಮರ ಖಾಲಿ ಅವೆ."

ಹಾಗಂತ ಎಲ್ಲ ಹೂವಿನ ಹಾಸಿಗೆಯಾಗಿರಲಿಲ್ಲ. ಬೇಸಿಗೆ ಬಂತು. ನೆಲದ ತೇವ ಆರದಿರಲಿ ಅಂತ ಬೇಸಿಗೆಯಲ್ಲಿ ಮರದ ಬುಡದ ಪಾತಿಗೆ ಕಾಯಿಸಿಪ್ಪೆ ತುಂಬಿ ಮುಚ್ಚುವುದು ನಮ್ಮಲ್ಲಿ ವಾಡಿಕೆ. ಭಾವ ಹಿಂದಿನ ಸಂಜೆ ನಮ್ಮ ಆಟದ ಸಾಲಿಗೂ ಸಿಪ್ಪೆ ತುಂಬಿಸಿದ್ದರು. ನಮ್ಮ ನಾಲ್ವರ ಕಣ್ಣಿಗೂ ಅದು ಬಿತ್ತು, ಯಾರ ಯೋಚನೆಗೂ ಬರಲಿಲ್ಲ. ಎಷ್ಟೋ ವರ್ಷದಿಂದ ಸಿಪ್ಪೆಯ ಮೇಲೆ ನಡೆದವರಿಗೆ ಅದು ನೆಲವೇ. ಆದರೆ ನನ್ನ ಪಾದದ ತುದಿ ಇನ್ನೂ ಪೂರ್ತಿ ಮೇಲೆ ಏಳುತ್ತಿರಲಿಲ್ಲ. ಅವತ್ತು ಬೆಳಗಿನಿಂದಲೇ ಕಾಲು ಭಾರವಾಗಿತ್ತು, ಆಟ ನಿಂತುಹೋಗುತ್ತದೆ ಅಂತ ಬಾಯಿಬಿಡದೆ ಬಂದಿದ್ದೆ. ಮರ ಮುಟ್ಟಲು ಕೈ ಚಾಚಿದವಳು ಸಿಪ್ಪೆಗೆ ಕಾಲು ಸಿಕ್ಕಿಕೊಂಡು ಮುಖ ಅಡಿಯಾಗಿ ಬಿದ್ದೆ. ಹಣೆ ಒಡೆಯಿತು. ಏಳಲು ಆಗಲಿಲ್ಲ. ಮೂರು ಜನ ಹೊತ್ತುಕೊಂಡು ಹೋದರು. ಅದಾದ ಮೇಲೆ ಹಲವು ದಿನ ಕಾಲು ಹಳೆಯ ಹಾಗೆ ಮರದ ಕೊರಡು. ಕಾಯಿಲೆ ತಿರುಗಿ ಬಂತು ಅಂದುಕೊಂಡೆ. ತಿಪಟೂರಿನ ಡಾಕ್ಟರು ನೋಡಿ, ತಿರುಗಿ ಬಂದಿಲ್ಲ, ವಿಪರೀತ ದಣಿವು, ಮಲಗಿ ಅಂದರು.

ಮಂಜು ತಮ್ಮ ತಾಯಿಯ ಮೇಲೆ ದನಿ ಎತ್ತಿದ್ದನ್ನು ನಾನು ಮದುವೆಯಾದಾಗಿನಿಂದ ಕೇಳಿರಲಿಲ್ಲ. ಅವತ್ತು ನಡುಮನೆಯಲ್ಲಿ ಕೇಳಿದೆ.

"ಅವ್ವ, ನಿಂಗೇನಾದ್ರೂ ಬುದ್ಧಿ ಐತಾ? ಇವಳೇನು ಹಟ್ಟಿ ಹುಡ್ಗೀನಾ, ಕುರಿ ಹಿಂದೆ ಅಟ್ಟಾಕೆ? ಇವಳಿಗೇನಾದ್ರೂ ಆಗಿದ್ರೆ?"

ಅತ್ತೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಮಾರನೆಯ ದಿನದಿಂದ ಅಂಬಲಿ ತಂದು ಇಟ್ಟು, ಹಣೆಯ ಪಟ್ಟಿ ನೋಡಿ, ಸುಮ್ಮನೆ ಹೋಗುತ್ತಿದ್ದರು. ಚೌಕಾಬಾರದ ಮಣೆ ಕರೆದರೂ ತೆಗೆಯಲಿಲ್ಲ. ತೆಗೆಸಿದ ಒಂದು ದಿನ, ಕಡಿಯಬಹುದಾಗಿದ್ದ ನನ್ನ ಕಾಯಿಯನ್ನು ಬಿಟ್ಟು ಬೇರೆ ಕಾಯಿ ನಡೆಸಿದರು. ನನಗೆ ಆಸ್ಪತ್ರೆಯಲ್ಲೂ ಅಷ್ಟು ಭಯವಾಗಿರಲಿಲ್ಲ. ಇಡೀ ಮನೆಯಲ್ಲಿ ನನ್ನನ್ನು ಸರಿಸಮದ ಆಳು ಅಂತ ಲೆಕ್ಕಕ್ಕೆ ಹಿಡಿದಿದ್ದವರು ಅವರೊಬ್ಬರೇ. ಅವರೂ ಕೈಬಿಟ್ಟರೆ ನಾನು ಎದ್ದು ನಡೆದರೂ ಜೀವನಪೂರ್ತಿ ಕಾಯಿಲೆಯವಳೇ.

"ಅತ್ತೆ, ಕಾಲು ಭಾರ ಇದ್ದದ್ದನ್ನು ಮುಚ್ಚಿಟ್ಟು ಬಂದವಳು ನಾನು. ಇನ್ನು ಮುಚ್ಚಿಡಲ್ಲ, ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ನೀವು ಮಾತ್ರ ಹೀಗೆ ಸೋಲಬೇಡಿ" ಅಂದೆ. ಅಳು ಬಂದುಬಿಟ್ಟಿತು.

ಅತ್ತೆಗೂ ಕಣ್ಣಲ್ಲಿ ನೀರು. "ಭಯ ಆಗೋಯ್ತು ಕಣೇ" ಅಂದರು. "ನೀನ್ ಬಿದ್ದಾಗ ನನ್ ಜೀವ ಬಾಯಿಗ್ ಬಂದಿತ್ತು." ಅತ್ತೆಗೂ ಭಯ ಅನ್ನುವುದು ಇದೆ ಅಂತ ಅವತ್ತು ಗೊತ್ತಾಯಿತು. ಭಯವಿಟ್ಟುಕೊಂಡೇ ಇಷ್ಟು ದಿನ ನನ್ನನ್ನು ಆಡಿಸಿದ್ದರು. ಅವರ ಮೇಲಿನ ಗೌರವ ಇಮ್ಮಡಿಯಾಯಿತು.

ನವೀನನನ್ನು ಕೂರಿಸಿಕೊಂಡು, ಮಂಜುವನ್ನೂ ಒಪ್ಪಿಸಿ ಹೊಸ ಕರಾರು ಮಾಡಿಕೊಂಡೆವು. ಆಟದ ಸಾಲಿನ ಸಿಪ್ಪೆಯನ್ನು ಭಾವನೇ ತೆಗೆಸಿದರು, ಮುಖ ಸಿಂಡರಿಸಿಕೊಂಡೇ. ಕಾಲು ಭಾರವಿದ್ದ ದಿನ ಚಾಪೆ ಹಾಸಿ ತೋಟದಲ್ಲೇ ಚೌಕಾಬಾರ. "ಇನ್ನೊಂದಾಟ ಬೇಕು ಅನ್ನಿಸ್ತಿರೋವಾಗಲೇ ನಿಲ್ಲಿಸಿ, ಸಾಕು ಅನ್ನಿಸೋವರೆಗೂ ಕಾಯಬೇಡಿ" ಅಂದ ನವೀನ. ನಿಲ್ಲಿಸುವುದು ಅತ್ತೆಗೆ ನನಗಿಂತ ಕಷ್ಟವಾಯಿತು. "ಇದೊಂದೇ ಕಣೋ, ಇದೊಂದೇ" ಅಂತ ಅವನ ಹತ್ತಿರ ಗೋಗರೆಯುತ್ತಿದ್ದರು.

ಈಗ ನಾನು ಕೆಲಸಕ್ಕೆ ಹೋಗುತ್ತಿದ್ದೇನೆ. ಎಡಗಾಲಿನ ಎರಡು ಬೆರಳಿಗೆ ಇನ್ನೂ ಸ್ಪರ್ಶ ಸರಿಯಾಗಿ ಬಂದಿಲ್ಲ, ಬರದೆಯೂ ಇರಬಹುದು. ಅರ್ಧ ಮ್ಯಾರಥಾನ್ ಓಡಿಲ್ಲ. ಓಡುತ್ತೇನೋ ಇಲ್ಲವೋ ಗೊತ್ತಿಲ್ಲ, ಅದಕ್ಕೆ ಅವಸರವೂ ಇಲ್ಲ. ಬೆಳಗ್ಗೆ ಮೈದಾನಕ್ಕೆ ಹೋಗುತ್ತೇನೆ, ಸ್ವಲ್ಪ ಓಡುತ್ತೇನೆ, ಸಿಂಚನ ಬಂದರೆ ಚೆಂಡು ಹಿಡಿಯುವ ಆಟ ಆಡುತ್ತೇನೆ, ಬೇವಿನ ಮರದ ಕೆಳಗೆ ಕೂತು ಹರಟೆ ಹೊಡೆದು ಮತ್ತೆ ಓಡುತ್ತೇನೆ. ಮೊದಲಿಗಿಂತ ಹೆಚ್ಚು ಹೊತ್ತು ಹೊರಗಿರುತ್ತೇನೆ, ಮೊದಲಿನಷ್ಟು ಸುಸ್ತಾಗುವುದಿಲ್ಲ. ಈ ಕಾಯಿಲೆ ಬಂದವರಿಗೆ ನಾನು ಹೇಳಬಹುದಾದ್ದು ಇಷ್ಟೇ: ಡಾಕ್ಟರು ಹೇಳಿದ್ದನ್ನು ಕೇಳಿ, ಮಾಡಬೇಕಾದ ವ್ಯಾಯಾಮ ಮಾಡಿ. ಅದರ ಜೊತೆಗೆ ಬೇಕಂತ ಸೋಲದ ಒಬ್ಬರನ್ನು ಹುಡುಕಿಕೊಳ್ಳಿ. ಅತ್ತೆಯಾದರೂ ಸರಿ.

ನನಗೆ ವಾಸಿಯಾಯಿತು ಅಂತ ಗೊತ್ತಾದ ದಿನ ಯಾವುದು ಅಂತ ಜನ ಕೇಳುತ್ತಾರೆ. ಯಾವ ರಿಪೋರ್ಟೂ ಅದನ್ನು ಹೇಳಲಿಲ್ಲ. ಮುಂಗಾರಿನ ಮೊದಲ ಮಳೆಯಾಗಿ ತೋಟ ಹಸಿಯಾಗಿದ್ದ ಒಂದು ಬೆಳಗ್ಗೆ ಅದು. ನಾನು ಕಳ್ಳಿ. ಅತ್ತೆ ಒಂದು ಮರ, ಜಯಮ್ಮ ಒಂದು ಮರ, ರತ್ನಕ್ಕ ಒಂದು ಮರ. ನವೀನ ಬೈಕು ನಿಲ್ಲಿಸಿ ಬೇಲಿಯ ಹತ್ತಿರ ನಿಂತಿದ್ದ. ಅತ್ತೆ ಜಯಮ್ಮನಿಗೆ ಕಣ್ಣು ಮಿಟುಕಿಸಿದ್ದು ನನಗೆ ಕಾಣಿಸಿತು. ಇಬ್ಬರೂ ಮರ ಬಿಟ್ಟರು. ಅತ್ತೆ ಹೋಗುತ್ತಿದ್ದ ಮರದ ಕಡೆಗೇ ನಾನೂ ನುಗ್ಗಿದೆ. ಇಬ್ಬರ ಕೈಗಳೂ ಒಟ್ಟಿಗೇ ಮರಕ್ಕೆ ಬಡಿದವು.

"ನಂದು!" ಅಂದೆ ನಾನು.

"ಯಾರ್ ಹೇಳ್ದೋರು? ನಾನ್ ಮೊದ್ಲು!" ಅಂದರು ಅತ್ತೆ.

"ಇಲ್ಲ ಅತ್ತೆ, ನನ್ನ ಕೈ ಕೆಳಗಿದೆ ನೋಡಿ, ನಿಮ್ಮದು ಅದರ ಮೇಲೆ ಬಿತ್ತು."

"ಸುಳ್ಳ್ ಹೇಳ್ಬ್ಯಾಡ ಕಣೇ! ಲೋ ನವೀನ, ನೀನ್ ಹೇಳಪ್ಪ, ಯಾರ್ ಮೊದ್ಲು ಮುಟ್ಟಿದ್ದು?"

ನವೀನ ಮರದ ಕಡೆ ನೋಡುತ್ತಿರಲಿಲ್ಲ, ನನ್ನ ಕಾಲುಗಳನ್ನು ನೋಡುತ್ತಿದ್ದ. ಜಯಮ್ಮ ಬಾಯಿಯ ಮೇಲೆ ಕೈ ಇಟ್ಟುಕೊಂಡಿದ್ದರು.

"ಮೇಡಂ" ಅಂದ ಅವನು, "ನೀವು ಓಡಿದ್ರಿ."

ನಾನು ಹಿಂದೆ ತಿರುಗಿ ನೋಡಿದೆ. ಹಸಿ ನೆಲದ ಮೇಲೆ ನನ್ನ ಹೆಜ್ಜೆಗಳು ದೂರ ದೂರ ಬಿದ್ದಿದ್ದವು. ರತ್ನಕ್ಕ ಆಗಲೇ ಅಳಲು ಶುರು ಮಾಡಿದ್ದರು.

"ಓಡಿದ್ರೆ ಓಡ್ಲಿ ಬುಡು, ಅದ್ಕೇನೀಗ?" ಅಂದರು ಅತ್ತೆ. ಅವರ ಮುಖ ಕೆಂಪಾಗಿತ್ತು, ಸಿಟ್ಟಿಗೋ ಇನ್ನೇತಕ್ಕೋ. "ಓಡಂಗಿಲ್ಲ ಅಂತ ನಿಯಮ ಐತೆ. ಮೋಸ ಮಾಡವ್ಳೆ. ಮರ ನಂದು!"

ಒಂದು ವರ್ಷದಿಂದ ಯಾರೂ ನನ್ನನ್ನು ಗಾಜಿನ ಲೋಟದ ಹಾಗಲ್ಲದೆ ಮುಟ್ಟಿರಲಿಲ್ಲ. ಅತ್ತೆ ಎರಡೂ ಕೈಯನ್ನು ನನ್ನ ಭುಜಕ್ಕಿಟ್ಟು, ಇದ್ದ ಬಲವನ್ನೆಲ್ಲ ಹಾಕಿ ನನ್ನನ್ನು ಮರದಿಂದ ಆಚೆಗೆ ತಳ್ಳಿದರು.

ನಾನು ಬೀಳಲಿಲ್ಲ. ವೇಲನ್ನು ಸೊಂಟಕ್ಕೆ ಬಿಗಿದು ಜಗಳಕ್ಕೆ ನಿಂತೆ.